ಆರು ತೂತಿನ ಪಟ್ಟಿ

ಮನೆಯಿಂದ,
ಏಪ್ರಿಲ್ 27, ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? "ಚೆನ್ನಾಗಿದೀನಿ, ಅಮ್ಮನಿಗೆ ಕೊಡು" ಎಂಬ ನಿಮ್ಮ ಎಂದಿನ ಉತ್ತರ ಈ ಸಲ ನಡೆಯುವುದಿಲ್ಲ. ಇದು ಪತ್ರ, ಫೋನಿನ ಹಾಗೆ ಅಮ್ಮನ ಕೈಗೆ ದಾಟಿಸಿ ನೀವು ಪಾರಾಗಲಾರಿರಿ. ನೀವು ಕೆಲಸಕ್ಕಿರುವ ಹಡಗುಕಟ್ಟೆಯವರು ಮಾಡಿಸಿದ ಆರೋಗ್ಯ ತಪಾಸಣೆಯ ಚೀಟಿ ತಲುಪಿತು. ರಕ್ತದೊತ್ತಡ ಸರಿಯಾಗಿದೆ, ಕಣ್ಣು ಸರಿಯಾಗಿದೆ, ತೂಕ ಅರವತ್ತನಾಲ್ಕು ಕೆಜಿ. ಅಮ್ಮ ಆ ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, "ಹೋಗುವಾಗ ಅರವತ್ತಾರಿದ್ರು. ಎರಡು ಕೆಜಿ ಸಮುದ್ರಕ್ಕೆ ಹಾಕಿದ್ರಂತಾ?" ಎಂದು, ಆ ಎರಡು ಕೆಜಿಯನ್ನು ನಾನೇ ಕದ್ದಿಟ್ಟವಳಂತೆ ನನ್ನನ್ನು ದಬಾಯಿಸಿದಳು. ದಯವಿಟ್ಟು ಹೊತ್ತುಹೊತ್ತಿಗೆ ಸರಿಯಾಗಿ ಉಣ್ಣಿ. ಅಮ್ಮನ ಮಂಡಿನೋವು ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ; ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟ್ ಹಾಕಿಕೊಟ್ಟಿದ್ದೇನೆ. ನನ್ನ ಸುದ್ದಿಯೆಂದರೆ, ಇಂಜಿನಿಯರಿಂಗಿನ ಆರನೆಯ ಸೆಮಿಸ್ಟರಿನ ಫಲಿತಾಂಶ ಬಂದಿದೆ, ತರಗತಿಗೆ ಈ ಬಾರಿಯೂ ಮೊದಲನೆಯವಳು ನಾನೇ. ಇದನ್ನು ಬರೆಯುವಾಗ ಕೈ ಎಂದಿನಷ್ಟು ಚುರುಕಾಗಿ ಓಡುತ್ತಿಲ್ಲ. ಏಕೆಂದು ಹೇಳಲಿಕ್ಕೇ ಈ ಉದ್ದದ ಪತ್ರ.

ನಿಮ್ಮ ಕಳೆದ ಪತ್ರದಲ್ಲಿ ನನಗೆಂದು ಇದ್ದದ್ದು ಮೂರೇ ಸಾಲು. "ಬೈಕಿನ ಮುಂದಿನ ಬ್ರೇಕು ಮೊದಲಿನ ಹಾಗೆ ಹಿಡಿಯುತ್ತಿಲ್ಲ. ಡಿಸ್ಕ್ ಹಾಕಿಸುವುದೋ, ಡ್ರಮ್ಮೇ ಇರಲೋ, ನಾನು ಬರುವುದರೊಳಗೆ ನೀನೇ ನೋಡಿ ತೀರ್ಮಾನಿಸು. ನೀನು ಏನು ಮಾಡಿದರೂ ನಾನು ಅದನ್ನೇ ಓಡಿಸುತ್ತೇನೆ." ಇಪ್ಪತ್ತಮೂರು ವರ್ಷ ಹಳೆಯ ಆ ಬೈಕನ್ನು ಅಮ್ಮ "ನಿಮ್ಮಪ್ಪನ ಹಿರಿಮಗ" ಎಂದು ಕರೆಯುವುದು ನಿಮಗೂ ಗೊತ್ತು, ನನಗಿಂತ ಎರಡು ವರ್ಷ ಮೊದಲೇ ಮನೆಗೆ ಬಂದವನು. ಆ ಹಿರಿಮಗನ ಹ್ಯಾಂಡಲ್ಲನ್ನು ನೀವು ನನಗೆ ಒಮ್ಮೆಯೂ ಕೊಟ್ಟವರಲ್ಲ. "ಇದರ ಬ್ರೇಕು ನನ್ನ ಮಾತು ಮಾತ್ರ ಕೇಳುತ್ತೆ" ಎಂದು ಪ್ರತಿಸಲವೂ ಕೀಲಿಕೈಯನ್ನು ಜೇಬಿಗೆ ಇಳಿಸಿಬಿಡುತ್ತಿದ್ದಿರಿ. ಅಂಥವರು ಈಗ ಅದರ ಬ್ರೇಕನ್ನೇ ನನ್ನ ತೀರ್ಮಾನಕ್ಕೆ ಒಪ್ಪಿಸಿದ್ದೀರಿ ಎಂದಾಗ ನಾನು ಎಷ್ಟು ಉಬ್ಬಿದೆನೆಂದರೆ, ಅಂದೇ ಹೊಸ ನೋಟ್‌ಪುಸ್ತಕ ತೆರೆದು ಮೂರು ಪುಟ ಬರೆದೆ. ಡ್ರಮ್ಮಿನಲ್ಲಿ ಮುಚ್ಚಿದ ಬಟ್ಟಲಿನೊಳಗೆ ಬಾಗಿದ ಎರಡು ಶೂಗಳು ಹೊರಕ್ಕೆ ಅಗಲಿ ಒಳಗೋಡೆಯನ್ನು ಒತ್ತುತ್ತವೆ, ಶಾಖ ಒಳಗೇ ಉಳಿಯುತ್ತದೆ, ನೀರು ಹೊಕ್ಕರೆ ಬೇಗ ಹೊರಬಾರದು. ಡಿಸ್ಕಿನಲ್ಲಿ ಬಯಲಲ್ಲೇ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡುಗಳು ಎರಡೂ ಕಡೆಯಿಂದ ಚಿವುಟಿ ಹಿಡಿಯುತ್ತವೆ, ಶಾಖ ಗಾಳಿಗೆ ಹೋಗುತ್ತದೆ, ಲಿವರನ್ನು ಎಷ್ಟು ಒತ್ತಿದರೆ ಅಷ್ಟೇ ಹಿಡಿತ. ಇವೆಲ್ಲ ನಿಮಗೆ ತಿಳಿಯದ ವಿಷಯಗಳಲ್ಲ. ನನಗೆ ಅವೆಲ್ಲ ತಿಳಿದಿವೆ ಎಂದು ನನಗೇ ತೋರಿಸಿಕೊಳ್ಳುವ ಆಸೆ, ಅಷ್ಟೆ. ಮೂರನೆಯ ಪುಟದ ಕೊನೆಗೆ "ಡಿಸ್ಕ್" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ನಿಮಗೆ ತಿಳಿಸದೆ ಹಾಕಿಸಿ, ನೀವು ಬಂದ ದಿನ ಬೈಕನ್ನು ಬಾಗಿಲಲ್ಲಿ ನಿಲ್ಲಿಸಿ ಬೆರಗುಗೊಳಿಸಬೇಕೆಂದು ನಿಶ್ಚಯಿಸಿದೆ.

ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬೈಕನ್ನು ಬಿಚ್ಚಲು ಕುಳಿತಾಗ ಮೊದಲು ಬಂದದ್ದು ನಗು. ಹ್ಯಾಂಡಲ್ಲಿನ ಬಲಗಡೆ ಇರುವ ಮುಂದಿನ ಬ್ರೇಕಿನ ಲಿವರ್ ಬರಿಯ ಅಲಂಕಾರಕ್ಕಿತ್ತು. ಅದರ ಕೇಬಲ್ ಹೆಡ್‌ಲೈಟಿನ ಬುರುಡೆಯೊಳಗೆ ಹೋಗಿ ಅಲ್ಲೇ ಮುಗಿದಿತ್ತು, ತುದಿಗೆ ಒಂದು ಗಂಟು. ಮುಂದಿನ ಚಕ್ರದ ಡ್ರಮ್ಮಿಗೆ ಬೇರೊಂದು ಕೇಬಲ್ ಇಂಜಿನ್ನಿನ ಕೆಳಗಿನಿಂದ ಬಂದಿತ್ತು. ಅದರ ಜಾಡು ಹಿಡಿದು ಹೋದರೆ, ಕಾಲಿನ ಪೆಡಲ್ಲಿನ ಹಿಂದೆ ಗೇಣುದ್ದದ ಒಂದು ಉಕ್ಕಿನ ಪಟ್ಟಿ. ಅದರ ಒಂದು ತುದಿಗೆ ಮುಂದಿನ ಬ್ರೇಕಿನ ಕೇಬಲ್, ಇನ್ನೊಂದು ತುದಿಗೆ ಹಿಂದಿನ ಬ್ರೇಕಿನ ಸರಳು. ನಡುವೆ ಒಂದು ಪಿನ್ನು, ಆ ಪಿನ್ನನ್ನು ಪೆಡಲ್ ಎಳೆಯುತ್ತದೆ. ಕಾಲಿನಿಂದ ಒಮ್ಮೆ ತುಳಿದರೆ ಎರಡೂ ಚಕ್ರಗಳಿಗೆ ಬ್ರೇಕು. ಪಿನ್ನು ಕೂರಲು ಪಟ್ಟಿಯಲ್ಲಿ ಒಂದಲ್ಲ, ಆರು ತೂತುಗಳಿದ್ದವು, ಅಂಕುಡೊಂಕು ಸಾಲಿನಲ್ಲಿ. ಒಂದೊಂದರ ಪಕ್ಕದಲ್ಲೂ ಪಂಚಿನಿಂದ ಹೊಡೆದ ಸಣ್ಣ ಅಂಕಿ: 12, 0, 21, 29, 37, 46. ಮಿಲಿಮೀಟರ್ ಎಂದುಕೊಂಡು ವರ್ನಿಯರ್ ಹಿಡಿದು ಅಳೆದೆ. ಒಂದಾದರೂ ಕೂಡಿಬರಬೇಕಲ್ಲ? ಇಲ್ಲ. ಎಡದಿಂದ ಅಳೆದೆ, ಬಲದಿಂದ ಅಳೆದೆ, ನಡುವಿನಿಂದ ಅಳೆದೆ. ಹನ್ನೆರಡರ ಆಚೆ ಸೊನ್ನೆ ಎಲ್ಲಿಂದ ಬಂತು? ಕಿಟಕಿಯಾಚೆ ಹೊಲಿಯುತ್ತಿದ್ದ ಅಮ್ಮನಿಗೆ ಕೂಗಿ ಹೇಳಿದೆ: "ಅಮ್ಮಾ, ಈ ಗಾಡಿ ರಿಪೇರಿ ಮಾಡಿದವನಿಗೆ ಅಳತೆಪಟ್ಟಿ ಓದೋಕೂ ಬರಲ್ಲ!" ಅಮ್ಮ ಹಲ್ಲಿನಿಂದ ದಾರ ಕಡಿದು, "ಹೂಂ, ಮಾಡಿದೋರು ಅಷ್ಟು ಓದಿಲ್ಲ ಬಿಡು" ಎಂದು ಮತ್ತೆ ಯಂತ್ರ ತುಳಿಯತೊಡಗಿದಳು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಯಾವನೋ ರಸ್ತೆಬದಿಯ ಮೆಕ್ಯಾನಿಕ್ಕಿನ ಪೆದ್ದುತನವೆಂದು ಪಟ್ಟಿಯನ್ನು ಬಿಚ್ಚಿ, ಹಳೆಯ ಲಿವರು, ಬಲಗಡೆಯ ರಬ್ಬರ್ ಗ್ರಿಪ್ಪುಗಳ ಜೊತೆಗೆ ಚೀಲಕ್ಕೆ ಎಸೆದೆ.

ಹಳೇ ಸಾಮಾನಿನ ಅಂಗಡಿಯ ಅಣ್ಣ ನನಗೆಂದು ಡಿಸ್ಕ್ ಸಮೇತ ಮುಂದಿನ ಚಕ್ರ ಹಿಡಿಯುವ ಒಂದು ಫೋರ್ಕನ್ನು ತೆಗೆದಿರಿಸಿದ್ದ. ಉಳಿದದ್ದು ಹಿಂದಿನ ಚಕ್ರ. ಅದು ಹೇಗೂ ಡ್ರಮ್ಮಾಗಿಯೇ ಇರುವುದರಿಂದ ಅದರ ಶೂಗಳಿಗೆ ಹೊಸ ಲೈನರ್, ಎಂದರೆ ಉಜ್ಜಿ ಹಿಡಿಯುವ ಪದರ, ಅಂಟಿಸಬೇಕಿತ್ತು. "ಅದಕ್ಕೆ ಲೈನರ್ ಅತ್ತೆ ಹತ್ರಾನೇ ಹೋಗು, ಬೇರೆ ಯಾರೂ ಬೇಡ" ಎಂದು ಅಣ್ಣನೇ ಕಳಿಸಿದ. ನಿಮ್ಮ ವಯಸ್ಸಿನವಳೇ ಆಕೆ, ಇಡೀ ಬೀದಿಗೆ ಅತ್ತೆ. ಒಂದೇ ಷಟರಿನ ಅಗಲದ ಅಂಗಡಿ. ಗೋಡೆಯ ತುಂಬ ಮೊಳೆಗಳಿಗೆ ಜೋಡಿ ಜೋಡಿಯಾಗಿ ತೂಗುಬಿಟ್ಟ ಶೂಗಳು, ಕಿಟಕಿಯಲ್ಲಿ ರಿವೆಟ್ಟುಗಳ ಗಾಜಿನ ಭರಣಿಗಳು, ಸುಟ್ಟ ಗೋಂದಿನ ವಾಸನೆ. ಆಕೆ ಡ್ರಮ್ಮನ್ನು ಒಂದು ಬೆರಳಿಗೆ ನೇತುಹಾಕಿಕೊಂಡು ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿಯುತ್ತಾಳೆ. ಗಂಟೆಯ ಹಾಗೆ ದನಿ ಎಳೆದರೆ ಒಳ್ಳೆಯದು, ಮೊಟಕಾಗಿ ಸತ್ತರೆ ಎಲ್ಲೋ ಬಿರುಕಿದೆ. ನಮ್ಮ ಕಾಲೇಜಿನಲ್ಲಿ ಅದಕ್ಕೊಂದು ಯಂತ್ರವಿದೆ, ಅದು ಕೆಟ್ಟು ಎರಡು ವರ್ಷವಾಯಿತು. ನಾನು ಆಕೆಯ ಮುಂದೆ ನಿಂತು ಡಿಸ್ಕು ಏಕೆ ಮೇಲು ಎಂದು ಕಾಲು ಗಂಟೆ ಹೇಳಿದೆ. ಆಕೆ ತಂತಿಯ ಬ್ರಷ್ಷಿನಿಂದ ಒಂದು ಶೂವನ್ನು ಉಜ್ಜುತ್ತಲೇ ಕೇಳಿಸಿಕೊಂಡು, ಕೊನೆಗೆ, "ಆಯ್ತಾ? ಕ್ಲಾಸಲ್ಲಿ ಎಷ್ಟನೆಯೋಳು ನೀನು?" ಎಂದಳು. ಮೊದಲನೆಯವಳೆಂದೆ. "ಅದೇ ಅಂದ್ಕೊಂಡೆ. ಎರಡನೆಯೋಳಾಗಿದ್ರೆ ಮಧ್ಯದಲ್ಲಿ ಒಂದ್ಸಲ ಉಸಿರು ತಗೊಳ್ತಿದ್ದೆ." ಆಮೇಲೆ ಬ್ರಷ್ಷು ಕೆಳಗಿಟ್ಟಳು. "ಡಿಸ್ಕು ಚೆನ್ನಾಗಿದೆ ಕಣಮ್ಮ, ಇಲ್ಲ ಅಂದೋರು ಯಾರು? ಈಗ ಹೇಳು. ಗಾಡಿ ಓಡಿಸೋದು ಯಾರು? ಯಾವ ರಸ್ತೇಲಿ? ಹಿಂದೆ ಯಾರು ಕೂರ್ತಾರೆ?" ಅಪ್ಪಾ, ನನ್ನ ಮೂರು ಪುಟಗಳಲ್ಲಿ ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ.

ಮುಜುಗರ ಮುಚ್ಚಿಕೊಳ್ಳಲು ಚೀಲದಿಂದ ಆ ಪಟ್ಟಿಯನ್ನು ತೆಗೆದು ಆಕೆಯ ಗುಜರಿ ಡಬ್ಬಿಗೆ ಹಾಕಿದೆ. ಠಣ್ಣೆಂದಿತು. ಆ ಸದ್ದಿಗೆ ಅತ್ತೆ ತಿರುಗಿದವಳು, ಬಗ್ಗಿ ಅದನ್ನು ಎತ್ತಿಕೊಂಡು, ಬಟ್ಟೆಯಿಂದ ಒರೆಸಿ, ಹೆಬ್ಬೆರಳನ್ನು ಅದರ ಉದ್ದಕ್ಕೂ ಆಡಿಸಿದಳು. "ಯಾರು ಮಾಡಿದ್ದು ಇದನ್ನ?" ಯಾವನೋ ರಸ್ತೆಬದಿಯವನಿರಬೇಕು ಎಂದೆ. "ರಸ್ತೆಬದಿಯೋನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬರಬೇಕು ಮಗಳೇ? ಒಂದೊಂದು ತೂತಿನ ಬಾಯಿನೂ ಎರಡೂ ಕಡೆ ಸವರಿದಾನೆ, ಪಿನ್ನು ಕಚ್ಚಬಾರ್ದು ಅಂತ. ಇದು ಲೇತಿನವನ ಕೈ." ನನ್ನ ಅಪ್ಪ ಲೇತಿನಲ್ಲಿ ಕಬ್ಬಿಣ ಕಡೆಯುವವರು ಎಂದು ನನ್ನ ಬಾಯೇ ಹೇಳಿತು, ಹೇಳಿದ ಮೇಲೆ ನನ್ನ ಕಿವಿ ಅದನ್ನು ಕೇಳಿಸಿಕೊಂಡಿತು. ಅತ್ತೆ ಚೀಲಕ್ಕೆ ಕೈಹಾಕಿ ಗ್ರಿಪ್ಪನ್ನೂ ಲಿವರನ್ನೂ ಬೆಳಕಿಗೆ ಹಿಡಿದಳು. "ಇಲ್ಲಿ ನೋಡು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಇಷ್ಟು ಕಡೆ ರಬ್ಬರು ನುಣ್ಣಗಾಗಿದೆ. ಹೊರಗಿನ ಎರಡು ಬೆರಳು ಕೂರೋ ಜಾಗ ಹೊಸದರ ಹಾಗಿದೆ. ಲಿವರಂತೂ ಅಂಗಡಿಯಿಂದ ಈಗ ತಂದ ಹಾಗೆ. ನಿಮ್ಮಪ್ಪನಿಗೆ ಬಲಗೈ ಮುಷ್ಟಿ ಕಟ್ಟೋಕೆ ಬರಲ್ಲ, ಅಲ್ವಾ?" ನಾನು ಗೊತ್ತಿಲ್ಲವೆಂದೆ. ಇಪ್ಪತ್ತೊಂದು ವರ್ಷ ನಿಮ್ಮ ಮಗಳಾಗಿದ್ದು, ಒಬ್ಬ ಅಪರಿಚಿತ ಹೆಂಗಸಿನ ಮುಂದೆ ನಿಂತು, ನನ್ನ ಅಪ್ಪನ ಕೈ ಮುಚ್ಚುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ. ಆಕೆ ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, "ಡಿಸ್ಕಿಗೆ ಕೈ ಬೇಕು ಮಗಳೇ" ಎಂದಳು. ಅಷ್ಟೇ.

ಮನೆಗೆ ಬಂದು ಅಮ್ಮನ ಮುಂದೆ ಕುಳಿತೆ. ಅವಳು ಯಂತ್ರದಿಂದ ತಲೆ ಎತ್ತದೆ ಹೇಳಿದಳು. ನಾನು ಒಂಬತ್ತು ತಿಂಗಳ ಕೂಸಾಗಿದ್ದಾಗ ಲೇತಿನ ಮೇಲೆ ತಿರುಗುತ್ತಿದ್ದ ಉಕ್ಕಿನ ಸಿಪ್ಪೆ ಸುತ್ತಿಕೊಂಡು ನಿಮ್ಮ ಎರಡು ಬೆರಳುಗಳ ನರ ಕತ್ತರಿಸಿತಂತೆ. ಗಾಯ ಮಾಯಿತು, ಬೆರಳು ಮಡಚಲಿಲ್ಲವಂತೆ. ಅರೆಕೈಯವನಿಗೆ ಯಾರು ಕೆಲಸ ಕೊಡುತ್ತಾರೆಂದು ನೀವು ಯಾರಿಗೂ ತೋರಿಸಿಕೊಳ್ಳಲಿಲ್ಲವಂತೆ, ಹಿಡಿಕೆಗಳನ್ನೆಲ್ಲ ಎಡಗೈಯಿಂದ ತಿರುಗಿಸಲು ಕಲಿತಿರಂತೆ. ನನಗೇಕೆ ಹೇಳಲಿಲ್ಲ ಎಂದರೆ, "ನೀನು ಯಾವತ್ತು ಕೇಳ್ದೆ? ನಿಂಗೆ ಅವರ ಕಾಗುಣಿತ ತಿದ್ದೋದ್ರಲ್ಲೇ ಹೊತ್ತು ಹೋಯ್ತು" ಎಂದಳು. ಸಿಟ್ಟಿನಿಂದಲ್ಲ, ಅಂಗಿಯ ಅಳತೆ ಹೇಳುವ ಹಾಗೆ. ಆಮೇಲೆ ತಾನಾಗಿಯೇ, ಈಗೀಗ ಮೂರನೆಯ ಬೆರಳೂ ಸೋಲುತ್ತಿದೆ, ಹೋದಸಲ ಬಂದಾಗ ಗುಂಡಿ ಹಾಕಿಕೊಳ್ಳಲು ಒದ್ದಾಡಿದಿರೆಂದು ಅಂಗಿಗಳಿಗೆಲ್ಲ ತಾನು ಒತ್ತಿದರೆ ಕೂರುವ ಟಿಚ್ ಬಟನ್ ಹೊಲಿದು ಕಳಿಸಿದ್ದಾಗಿ ಹೇಳಿದಳು. ಡಿಸ್ಕಿನ ವಿಷಯ ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದು ಕೇಳಿದ್ದಕ್ಕೆ, "ಬ್ರೇಕು ಅಂದ್ರೆ ಬ್ರೇಕು. ಅದನ್ನ ಕೈಯಲ್ಲಿ ಹಿಂಡೋದು ಅಂತ ನನಗೇನು ಗೊತ್ತು?" ಎಂದಳು. ಆಗ ನಿಮ್ಮ ಪತ್ರದ ಮೂರನೆಯ ಸಾಲು ನೆನಪಾಯಿತು. ನೀನು ಏನು ಮಾಡಿದರೂ ನಾನು ಅದನ್ನೇ ಓಡಿಸುತ್ತೇನೆ. ನಾನು ಡಿಸ್ಕ್ ಹಾಕಿ ನಿಲ್ಲಿಸಿದ್ದರೆ ನೀವು ತುಟಿ ಬಿಚ್ಚದೆ, ಹಿಡಿಯಲು ಬಾರದ ಆ ಲಿವರಿನ ಮೇಲೆ ಬೆರಳಿಟ್ಟು, ನಾನು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ನಮ್ಮ ಬೀದಿಯ ನೀರಿನ ಟ್ಯಾಂಕಿನ ಇಳಿಜಾರಿಗೆ ಇಳಿಯುತ್ತಿದ್ದಿರಿ. ನನ್ನ ಮೊದಲ ಸ್ಥಾನದ ಮರ್ಯಾದೆ ಉಳಿಸಲು! ಇದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಆದರೆ ಅಪ್ಪಾ, ನಾನು ಬರೆಯಲು ಕುಳಿತದ್ದು ಆ ಭಯವನ್ನಲ್ಲ, ಅದರ ಮರುದಿನ ಕಂಡದ್ದನ್ನು. ಹಿಂದೆ ಯಾರು ಕೂರ್ತಾರೆ ಎಂಬ ಅತ್ತೆಯ ಪ್ರಶ್ನೆ ತಲೆಯಿಂದ ಇಳಿದಿರಲಿಲ್ಲ. ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು ಆ ಅಂಕಿಗಳನ್ನು ನೋಡುತ್ತಿದ್ದೆ. 21, 29, 37. ಇದ್ದಕ್ಕಿದ್ದಂತೆ ನಿಮ್ಮ ಹಳೆಯ ಕಾರ್ಖಾನೆಯ ಬಾಗಿಲ ಬಳಿಯ ದೊಡ್ಡ ತಕ್ಕಡಿ ಕಣ್ಣಿಗೆ ಕಟ್ಟಿತು, ಕಬ್ಬಿಣದ ಸರಳುಗಳನ್ನು ತೂಗುವ ತಕ್ಕಡಿ. ಎರಡು ಮೂರು ವರ್ಷಕ್ಕೊಮ್ಮೆ, ಶಾಲೆ ಶುರುವಾಗುವ ಮುನ್ನ, ನನ್ನನ್ನು ಅಲ್ಲಿಗೆ ಕರೆದೊಯ್ದು, "ಈ ವರ್ಷ ಎಷ್ಟು ಕಬ್ಬಿಣ ಬಂದಿದೆ ನೋಡೋಣ" ಎಂದು ಎತ್ತಿ ನಿಲ್ಲಿಸುತ್ತಿದ್ದಿರಿ. ಕೆಲಸದವರೆಲ್ಲ ನಗುತ್ತಿದ್ದರು. ಹತ್ತನೆಯ ತರಗತಿಯಲ್ಲಿ ನಾನು ನಾಚಿಕೆಯಿಂದ ಕುಗ್ಗುತ್ತಿದ್ದರೂ ನೀವು "ಚೀಲ ಸಮೇತ ಹತ್ತು, ಚೀಲ ಸಮೇತ" ಎಂದು ಹಟ ಹಿಡಿದಿರಿ. ನಲವತ್ತೊಂದು ನಾನು, ಐದು ಪುಸ್ತಕದ ಚೀಲ. ನಲವತ್ತಾರು. ಅಪ್ಪಾ, ಆ ಅಂಕಿಗಳು ಮಿಲಿಮೀಟರುಗಳಲ್ಲ, ಆ ಅಂಕಿಗಳು ನಾನು.

ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಒಬ್ಬರೇ ಇದ್ದರೆ ಮುಂದಿನ ಚಕ್ರಕ್ಕೆ ಹೆಚ್ಚು ಬ್ರೇಕು ಬೇಕು; ಹಿಂದೆ ಯಾರಾದರೂ ಕುಳಿತಿದ್ದರೆ ಹಿಂದಿನ ಚಕ್ರವೂ ನೆಲವನ್ನು ಗಟ್ಟಿಯಾಗಿ ಕಚ್ಚುವುದರಿಂದ ಅದಕ್ಕೂ ಅದರ ಪಾಲು ಸಲ್ಲಬೇಕು. ಪಿನ್ನನ್ನು ಯಾವ ತುದಿಯತ್ತ ಸರಿಸಿದರೆ ಆ ಚಕ್ರಕ್ಕೆ ಹೆಚ್ಚಿನ ಪಾಲು. ಇದೇ ಲೆಕ್ಕಕ್ಕೆ ನನಗೆ ಕಳೆದ ಪರೀಕ್ಷೆಯಲ್ಲಿ ಪೂರ್ಣಾಂಕ ಬಂದಿತ್ತು. ಚಕ್ರಗಳ ಅಂತರ, ಸೀಟಿನ ಎತ್ತರ ಎಲ್ಲವನ್ನೂ ಅಳೆದು, ಒಂದೊಂದು ತೂಕಕ್ಕೂ ಪಿನ್ನು ಎಲ್ಲಿರಬೇಕೆಂದು ಕಾಗದದ ಮೇಲೆ ಕಂಡುಹಿಡಿದು, ಆಮೇಲೆ ಪಟ್ಟಿಯ ಮೇಲೆ ವರ್ನಿಯರ್ ಇಟ್ಟೆ. ಇಪ್ಪತ್ತೊಂದು ಕೂಡಿತು. ಇಪ್ಪತ್ತೊಂಬತ್ತು ಕೂಡಿತು. ಮೂವತ್ತೇಳು, ನಲವತ್ತಾರು, ಸೊನ್ನೆ, ಒಂದು ಮಿಲಿಮೀಟರಿನ ಒಳಗೇ ಎಲ್ಲವೂ ಕೂಡಿದವು. ತಪ್ಪಿದ್ದು ಹನ್ನೆರಡು ಮಾತ್ರ. ಅದು ಸೊನ್ನೆಯ ಹಿಂದೆ ಇರಬೇಕಾದದ್ದು ಮುಂದೆ ಇತ್ತು. "ಅಮ್ಮಾ, ಅಪ್ಪ ಒಂದರಲ್ಲಿ ತಪ್ಪಿದ್ದಾರೆ" ಎಂದೆ, ನೋಡಿ, ಅಷ್ಟು ಬೆರಗಿನ ನಡುವೆಯೂ ನಿಮ್ಮ ತಪ್ಪನ್ನು ಹುಡುಕುವ ಚಟ ನನ್ನನ್ನು ಬಿಟ್ಟಿರಲಿಲ್ಲ. ಅಮ್ಮ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಹನ್ನೆರಡು ಕೆಜಿ ಇದ್ದಾಗ ನೀನು ಹಿಂದೆ ಕೂರ್ತಿದ್ದೆಯಾ? ಪೆಟ್ರೋಲ್ ಟ್ಯಾಂಕಿನ ಮೇಲೆ, ಅವರ ಎರಡೂ ಕೈ ನಡುವೆ ಕೂರ್ತಿದ್ದೆ. ಗಾಳಿಗೆ ಬಾಯಿ ತೆಕ್ಕೊಂಡು." ನಾನು ಮಗುವನ್ನು ತಪ್ಪು ಜಾಗದಲ್ಲಿ ಕೂರಿಸಿ ಲೆಕ್ಕ ಮಾಡಿದ್ದೆ. ಮುಂದೆ ಕೂರಿಸಿ ಮತ್ತೆ ಮಾಡಿದೆ. ಹನ್ನೆರಡೂ ಬಂದು ತನ್ನ ತೂತಿನಲ್ಲಿ ಕುಳಿತಿತು.

ಸೂತ್ರ ಗೊತ್ತಿಲ್ಲದೆ ನೀವು ಇದನ್ನು ಹೇಗೆ ಕಂಡುಕೊಂಡಿರಿ ಎಂದು ಅಮ್ಮನನ್ನು ಕೇಳಿದೆ. ಅವಳು ಶೆಡ್ಡಿನ ಮೂಲೆಗೆ ಕೈತೋರಿಸಿದಳು. ಬೆಲ್ಟು ಬಿಗಿದ ಆ ಹಳೆಯ ಕ್ಯಾನ್‌ವಾಸ್ ಚೀಲ, ಚಿಕ್ಕಂದಿನಲ್ಲಿ ನಾನು ಮೇಲೆ ಕುಳಿತು ಆಡುತ್ತಿದ್ದದ್ದು. ನನ್ನನ್ನು ತೂಗಿದ ಮರುದಿನ ನೀವು ಅದರಲ್ಲಿ ಅಷ್ಟೇ ತೂಕದ ಮರಳು ತುಂಬಿ, ನಾನು ಕೂರುವ ಜಾಗಕ್ಕೆ ಕಟ್ಟಿ, ಬೆಳಗ್ಗೆ ಬೀದಿ ಖಾಲಿಯಿರುವಾಗ ಇಳಿಜಾರಿಗೆ ಒಯ್ಯುತ್ತಿದ್ದಿರಂತೆ. ಬ್ರೇಕು ತುಳಿಯುವುದು, ಇಳಿದು ಯಾವ ಟೈರು ಮೊದಲು ಗೆರೆ ಎಳೆದಿದೆ ಎಂದು ಬಗ್ಗಿ ನೋಡುವುದು, ಹಿಂತಿರುಗಿ ಬಂದು ತೂತಿನ ಜಾಗ ಕೂದಲೆಳೆಯಷ್ಟು ಸರಿಸುವುದು, ಮತ್ತೆ ಹೋಗುವುದು. "ಒಂದ್ಸಲ ನಲವತ್ತು ಬಾರಿ ಹೋದ್ರು. ಬೀದಿಯೋರು ಇವರಿಗೇನೋ ಆಗಿದೆ ಅಂದ್ಕೊಂಡ್ರು. ಮರಳಿನ ಮಗಳು ಬಿದ್ರೆ ಪರವಾಗಿಲ್ಲ, ನಮ್ಮೋಳು ಬೀಳಬಾರ್ದು ಅಂತಿದ್ರು." ಅಮ್ಮ ಇದನ್ನು ಹೇಳಿ ಮತ್ತೆ ಹೊಲಿಗೆಗೆ ತಿರುಗಿದಳು. ನಾನು ಶೆಡ್ಡಿಗೆ ಹೋಗಿ ಆ ಚೀಲವನ್ನು ಮೂಲೆಯಿಂದ ಬೆಳಕಿಗೆ ಎಳೆದೆ. ನಾನು ಬೆಳೆದ ಒಂದೊಂದು ಹಂತವನ್ನೂ ಮೊದಲು ಮರಳಿನಲ್ಲಿ ಮಾಡಿ, ಅದನ್ನು ಇಳಿಜಾರಿನಲ್ಲಿ ಉರುಳಿಸಿ, ಉರುಳದ ಹಾಗೆ ಮಾಡಿ, ಆಮೇಲೆಯೇ ನನ್ನನ್ನು ಹತ್ತಿಸಿಕೊಂಡಿದ್ದಿರಿ. ನಮ್ಮ ಕಾಲೇಜಿನ ಗ್ರಂಥಾಲಯದ ಯಾವ ಪುಸ್ತಕದ ಎದುರೂ ನನಗೆ ನಾನು ಇಷ್ಟು ಸಣ್ಣವಳೆನಿಸಿಲ್ಲ. ಸಣ್ಣವಳಾಗುವುದು ಇಷ್ಟು ಹಿತವೆಂದೂ ತಿಳಿದಿರಲಿಲ್ಲ. ಹಿಂದೆ ಯಾರೂ ಇಲ್ಲದ ಸೊನ್ನೆಯ ತೂತು ಮಾತ್ರ ಕೊನೆಗೆ ಕೊರೆದದ್ದು, ಅದರ ಅಂಚು ಇನ್ನೂ ಹೊಳೆಯುತ್ತಿದೆ. ನಾನು ಹಾಸ್ಟೆಲಿಗೆ ಹೊರಟ ವರ್ಷ ನೀವು ನನ್ನನ್ನು ತೂಗಲಿಲ್ಲ. ಸದ್ಯ ಬಿಟ್ಟರಲ್ಲ ಎಂದು ನಾನು ಖುಷಿಪಟ್ಟಿದ್ದೆ.

ಈಗ ತೀರ್ಮಾನ. ಪೆಡಲ್ಲಿನಿಂದಲೇ ಡಿಸ್ಕನ್ನೂ ನಡೆಸಬಹುದು. ಬಸ್ಸಿನಲ್ಲಿ ಬರುವಾಗ ಅದರ ಚಿತ್ರವನ್ನೂ ಬರೆದೆ. ಆದರೆ ಮುಂದೆ ಡಿಸ್ಕಿನ ಎಣ್ಣೆಯ ಒತ್ತಡ, ಹಿಂದೆ ಸರಳಿನ ಎಳೆತ ಎಂದಾದರೆ ನಿಮ್ಮ ಆರು ತೂತುಗಳ ಲೆಕ್ಕವೆಲ್ಲ ಕದಡುತ್ತದೆ, ಇಷ್ಟು ವರ್ಷಗಳ ಇಳಿಜಾರನ್ನು ಮೊದಲಿನಿಂದ ಇಳಿಯಬೇಕಾಗುತ್ತದೆ. ಈ ಗಾಡಿಗೆ, ಈ ಕಾಲಿಗೆ, ಈ ರಸ್ತೆಗೆ ಡ್ರಮ್ಮೇ ಸರಿ. ಕನಿಕರದಿಂದ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಒದ್ದೆ ರಸ್ತೆಯಲ್ಲಿ ಮೊದಲ ತುಳಿತಕ್ಕೆ ಅದು ಡಿಸ್ಕಿನಷ್ಟು ಹಿಡಿಯುವುದಿಲ್ಲ, ಅದನ್ನು ಮರೆಯಬಾರದು. ನಿಮ್ಮ ಬ್ರೇಕು ಸೋತದ್ದೂ ಡ್ರಮ್ಮಿನ ತಪ್ಪಿನಿಂದಲ್ಲ, ಈ ಮೊದಲು ಯಾರೋ ಹಾಕಿದ ಲೈನರ್ ಗಾಜಿನ ಹಾಗೆ ಗಟ್ಟಿಯಾಗಿತ್ತು. ಅತ್ತೆ ಎರಡು ಜೊತೆ ಶೂಗಳಿಗೂ ಹೊಸದು ಅಂಟಿಸಿದಳು. ಡ್ರಮ್ಮಿನ ಒಳಗೆ ಸೀಮೆಸುಣ್ಣ ಬಳಿದು, ಶೂ ಇಟ್ಟು ತಿರುಗಿಸಿ, ಬಿಳಿ ಹತ್ತಿದ ಕಡೆ ಮಾತ್ರ ಅರದಿಂದ ಉಜ್ಜಿ, ಮತ್ತೆ ಬಳಿದು, ಮತ್ತೆ ತಿರುಗಿಸಿ, ಇಡೀ ಮೈಗೆ ಬಿಳಿ ಸಮನಾಗಿ ಹತ್ತುವವರೆಗೆ. ಅರ್ಧ ಕೆಲಸವನ್ನು ನನ್ನ ಕೈಯಲ್ಲೇ ಮಾಡಿಸಿದಳು. "ಒತ್ತಬೇಡ, ಕೇಳು" ಎನ್ನುತ್ತಿದ್ದಳು. ಕೊನೆಗೆ ಅರದ ಸದ್ದು ಬದಲಾದದ್ದು ನನಗೂ ಕೇಳಿಸಿತು, ಅಪ್ಪಾ! ಹಳೇ ಸಾಮಾನಿನ ಅಣ್ಣನಿಗೆ ಡಿಸ್ಕು ಬೇಡವೆಂದಾಗ ಅವನು, "ಅತ್ತೆ ಹತ್ರ ಹೋದೋರು ಯಾರೂ ನನ್ನ ಹತ್ರ ವಾಪಸ್ ಬಂದಿಲ್ಲ, ಆದ್ರೂ ನಾನೇ ಕಳಿಸ್ತೀನಿ ನೋಡು" ಎಂದು ಹಣೆ ಚಚ್ಚಿಕೊಂಡ. ನಿನ್ನೆ ಬೆಳಗ್ಗೆ ಸೊನ್ನೆಯ ತೂತಿನಲ್ಲಿ ಪಿನ್ನು ಹಾಕಿ ಒಬ್ಬಳೇ ಇಳಿಜಾರು ಇಳಿದೆ. ತುಳಿದೆ. ಎರಡೂ ಟೈರುಗಳು ಒಟ್ಟಿಗೆ, ಒಂದೇ ಉದ್ದದ ಎರಡು ಗೆರೆ ಎಳೆದು ನಿಂತವು. ಅದರ ಬ್ರೇಕು ನಿಮ್ಮ ಮಾತು ಮಾತ್ರ ಕೇಳುತ್ತದೆ ಎಂದದ್ದು ನಿಜ. ನಾನು ಅದಕ್ಕೆ ನಿಮ್ಮ ಮಾತನ್ನೇ ಹೇ‌ಳಿದೆ.

ನಿಮ್ಮ ಕಾಗುಣಿತ ತಿದ್ದಿದ ದಿನಗಳಿಗೆಲ್ಲ ಕ್ಷಮೆ ಕೇಳಿದರೆ ನೀವು "ಅದರಲ್ಲೇನಿದೆ, ಅಮ್ಮನಿಗೆ ಕೊಡು" ಎನ್ನುತ್ತೀರಿ. ಅದಕ್ಕೇ ಕೇಳುವುದಿಲ್ಲ, ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ ಎಂದಷ್ಟೇ ತಿಳಿಸುತ್ತೇನೆ. ನೀವು ಮೇ ಹದಿನೆಂಟಕ್ಕೆ ಬರುವಿರೆಂದು ಅಮ್ಮ ಈಗಾಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಸೂಜಿ ಚುಚ್ಚಿಟ್ಟಿದ್ದಾಳೆ. ಲೈನರ್ ಅತ್ತೆ ನಿಮ್ಮನ್ನು ನೋಡಬೇಕಂತೆ. ಆಕೆ ಕಳಿಸಿದ ನಮಸ್ಕಾರ ನನ್ನ ನಮಸ್ಕಾರಕ್ಕಿಂತ ಮೇಲಿನದು, ಮೊದಲು ಅದನ್ನು ತೆಗೆದುಕೊಳ್ಳಿ. ಅಮ್ಮನ ಪ್ರೀತಿ ಎಂದಿನಂತೆ ಬೈಗುಳದ ರೂಪದಲ್ಲಿ ಪ್ರತ್ಯೇಕ ಲಕೋಟೆಯಲ್ಲಿ ಬರುತ್ತದೆ.

ನಿಮ್ಮ ಮಗಳು
(ಈಗ ಐವತ್ತೆರಡು ಕೆಜಿ, ಚೀಲ ಬಿಟ್ಟು)

ತಾ.ಕ.: ಕಾಗದ ಮುಗಿಯುತ್ತಾ ಬಂತು, ಚುಟುಕಾಗಿ ಬರೆಯುತ್ತೇನೆ. ಶುಕ್ರವಾರ ನನಗೆ ಲೈಸೆನ್ಸ್ ಸಿಕ್ಕಿತು. ಮೂರನೆಯ ಬೆರಳಿನ ವಿಷಯ ನನಗೆ ಗೊತ್ತಾಗಿದೆಯಲ್ಲ, ಹಾಗಾಗಿ ಬಚ್ಚಿಡಬೇಡಿ. ಪಟ್ಟಿಯಲ್ಲಿ, ನಲವತ್ತಾರರ ಆಚೆ, ಏಳನೆಯ ತೂತು ಕೊರೆದಿದ್ದೇನೆ. ಬಾಯಿಯನ್ನು ಎರಡೂ ಕಡೆ ಸವರಿದ್ದೇನೆ. ನಿಮ್ಮ ಪಂಚಿನಿಂದಲೇ ಪಕ್ಕದಲ್ಲಿ 64 ಎಂದು ಹೊಡೆದಿದ್ದೇನೆ, ನಾಲ್ಕು ಸ್ವಲ್ಪ ವಾಲಿದೆ. ಇಂದು ಬೆಳಗ್ಗೆ ಆ ಚೀಲಕ್ಕೆ ಅರವತ್ತನಾಲ್ಕು ಕೆಜಿ ಮರಳು ತುಂಬಿ ಹಿಂದಿನ ಸೀಟಿಗೆ ಬಿಗಿಯುತ್ತಿದ್ದಾಗ ಅಮ್ಮ ಕಿಟಕಿಯಿಂದ, "ನನ್ನ ಗಂಡನ್ನ ಕಟ್ಟಿಕೊಂಡು ಎಲ್ಲಿಗೆ ಹೊರಟೆ?" ಎಂದಳು. ಹತ್ತೊಂಬತ್ತು ಬಾರಿ ಇಳಿದೆ. ಒಮ್ಮೆಯೂ ನೀವು ಬೀಳಲಿಲ್ಲ. ಹದಿನೆಂಟಕ್ಕೆ ನಿಲ್ದಾಣಕ್ಕೆ ನಾನೇ ಬೈಕು ತರುತ್ತೇನೆ, ನೀವು ಹಿಂದೆ ಕೂರುತ್ತೀರಿ. ನೀವೊಬ್ಬರೇ ಹೋಗಬೇಕೆನಿಸಿದ ದಿನಕ್ಕೆ ಸೊನ್ನೆ ಅಲ್ಲೇ ಇದೆ, ಅದನ್ನು ಮುಚ್ಚಿಲ್ಲ. ಅಲ್ಲಿಯವರೆಗೆ ದಯವಿಟ್ಟು ಇನ್ನು ಒಂದು ಕೆಜಿಯನ್ನೂ ಸಮುದ್ರಕ್ಕೆ ಹಾಕಬೇಡಿ, ನನ್ನ ತೂತು ತಪ್ಪುತ್ತದೆ.